ಗೋಡೌನ್ ಕಾಣುತ್ತಿಲ್ಲ

ಮೇ 10, 2017, ಬುಧವಾರ

ಮಿಸೆಸ್ ಫಾಯಿಝಾ ಫಸಲ್! ಹೀಗೆ ಬರೆದು ನೋಡಬೇಕೆಂದು ಭಾನುವಾರದಿಂದ ಕೈ ತುರಿಸುತ್ತಿತ್ತು. ಇನ್ನೊಮ್ಮೆ ಬರೆಯುತ್ತೇನೆ. ಮಿಸೆಸ್ ಫಾಯಿಝಾ ಫಸಲ್. ಅಬ್ಬಾ, ಎಷ್ಟು ಚಂದ!

ಕನ್ನಡದಲ್ಲಿ ಬರೆಯುವುದಕ್ಕೆ ಒಂದು ಕಳ್ಳ ಕಾರಣವಿದೆ. ಶಾಲೆಯಲ್ಲಿ ನಾನು ಓದಿದ್ದೆಲ್ಲ ಇಂಗ್ಲಿಷ್, ಮನೆಯಲ್ಲಿ ಮಾತಾಡುವುದು ಬ್ಯಾರಿ ಭಾಷೆ. ಕನ್ನಡ ಎರಡನೆಯ ಭಾಷೆ. ಟೀಚರಿಗೆ ಹೆದರಿ ಹೆದರಿಯೇ ಚೆನ್ನಾಗಿ ಬಂದುಬಿಟ್ಟಿತು. ಫಸಲ್ ಮೊಗ್ರಾಲಿನವರು, ಮಲಯಾಳಂ ಮೀಡಿಯಂ. ಕನ್ನಡ ಅಕ್ಷರ ಅವರಿಗೆ ಜಿಲೇಬಿ ಜೋಡಿಸಿಟ್ಟ ಹಾಗೆ ಕಾಣುತ್ತದಂತೆ. ಅಂದಮೇಲೆ ಈ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟರೂ ನನ್ನ ಗುಟ್ಟು ನನ್ನದೇ!

ನಮ್ಮಲ್ಲಿ ಪುದಿಯಾಪ್ಳ, ಅಂದರೆ ಹೊಸ ಅಳಿಯ, ಒಬ್ಬ ಸುಲ್ತಾನನೇ ಸರಿ. ಮದುವೆಯಾದರೂ ನಾನು ಉಪ್ಪಳದ ನಮ್ಮ ಮನೆಯಲ್ಲೇ ಇದ್ದೇನೆ. ಮಂಗಳೂರಿನ ಕಾಲೇಜಿನಲ್ಲಿ ಕೆಲಸ ಮುಗಿಸಿ ಅವರು ಸಂಜೆಯ ರೈಲಿಗೆ ಇಲ್ಲಿಗೆ ಬರುತ್ತಾರೆ. ಗೇಟಿನ ಸದ್ದಾದರೆ ಸಾಕು, ಇಡೀ ಮನೆ ಎದ್ದು ನಿಲ್ಲುತ್ತದೆ. ಉಮ್ಮ, ಅಂದರೆ ನನ್ನ ಅಮ್ಮ, ತುಪ್ಪದ ಪತ್ತಿರಿ ರೊಟ್ಟಿ, ಕೋಳಿ, ಮೊಟ್ಟೆಮಾಲೆಯ ಸಿಹಿ ಎಲ್ಲವನ್ನೂ ಒಮ್ಮೆಲೇ ತಂದಿಡುತ್ತಾಳೆ. ನಿನ್ನೆ ಅವರು ಪಾಪ, ನೀರು ಕುಡಿದ ಲೋಟವನ್ನು ತಾವೇ ಒಳಗೆ ಇಡಲು ಎದ್ದರು. ನನ್ನ ತಂದೆಯ, ನಮ್ಮ ಉಪ್ಪನ, ಮುಖ ನೋಡಬೇಕಿತ್ತು!

"ಕೂತುಕೊಳ್ಳಿ, ಕೂತುಕೊಳ್ಳಿ! ಈ ಮಮ್ಮುಂಞಿಯ ಮನೆಯಲ್ಲಿ ಪುದಿಯಾಪ್ಳ ಲೋಟ ಎತ್ತುದಂತೆ ಅಂತ ಸುದ್ದಿಯಾದ್ರೆ ನಾನು ಪಳ್ಳಿಗೆ ನಮಾಝಿಗೆ ಹೋಗುದು ಹೇಗೆ?"

ಫಸಲ್ ಕಿವಿಯವರೆಗೂ ಕೆಂಪಾಗಿ ಕೂತರು. ನನಗೆ ನಗು ತಡೆಯಲಾಗಲಿಲ್ಲ. ಅವರು ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಇನ್‌ಚಾರ್ಜ್. ಅವರಿಗೆ ಗೊತ್ತಿಲ್ಲದ ಕಂಪ್ಯೂಟರೇ ಇಲ್ಲ. ಇಷ್ಟು ಬುದ್ಧಿವಂತ, ಇಷ್ಟು ನಾಚಿಕೆಯ ಮನುಷ್ಯ ನನ್ನ ಗಂಡ! ನನ್ನ!

ಮೇ 13, ಶನಿವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ.

ಉಮ್ಮನಿಗೆ ಒಂದು ತಿಂಗಳಿನಿಂದ ಕೆಮ್ಮು. ಮದುವೆಯ ತಯಾರಿಯ ಧೂಳು, ಹೊಗೆ ಎಂದು ಎಲ್ಲರೂ ಸುಮ್ಮನಿದ್ದೆವು. ಇವತ್ತು ಬೆಳಿಗ್ಗೆ ಉಪ್ಪ ಗದರಿಸಿ ಸೆಂಟರಿಗೆ ಕರೆದುಕೊಂಡು ಹೋದರು. ಸೆಂಟರ್ ಅಂದರೆ ಉಪ್ಪಳ ಪೇಟೆಯಲ್ಲಿ, ಹೈವೇ ಪಕ್ಕದಲ್ಲಿರುವ ನಮ್ಮ ಎಕ್ಸ್‌ರೇ ಸೆಂಟರ್. ಮದುವೆಯ ತನಕ ಅಲ್ಲಿಯ ರಿಸೆಪ್ಶನ್‌ನಲ್ಲಿ ಕೂರುತ್ತಿದ್ದವಳು ನಾನೇ. ಹಾಗಾಗಿ ನಾನೂ ಹೋದೆ.

ಎಕ್ಸ್‌ರೇ ತೆಗೆಯುವ ವಸುಮತಿ ಅಕ್ಕ ನನ್ನನ್ನು ನೋಡಿ, "ಎಂತ ಮದುಮಗಳೇ, ಮದರಂಗಿ ಮಾಸುವ ಮೊದ್ಲೇ ಡ್ಯೂಟಿಗಾ? ಪುದಿಯಾಪ್ಳ ಇಷ್ಟು ಬೇಗ ಬೋರಾದ್ರಾ?" ಎಂದು ನಗಾಡಿದರು. ಅಷ್ಟರಲ್ಲಿ ಉಮ್ಮನ ಎದೆಯ ಚಿತ್ರ ಪರದೆಯಲ್ಲಿ ಮೂಡಿತು. ವಸುಮತಿ ಅಕ್ಕನ ನಗು ಅಲ್ಲಿಗೇ ನಿಂತಿತು.

ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಕಡಲೆಬೀಜದಷ್ಟು ಒಂದು ಬಿಳಿ ಮಚ್ಚೆ.

ರಿಪೋರ್ಟ್ ಬರೆಯಲು ಬರುವ ಡಾಕ್ಟರು ಅದನ್ನು ತುಂಬ ಹೊತ್ತು ನೋಡಿದರು. "ಹಳೇ ಎಕ್ಸ್‌ರೇ ಉಂಟಾ? ಅದರಲ್ಲೂ ಇದು ಹೀಗೇ ಇದ್ರೆ ಯಾವಾಗಿನದೋ ಗಾಯದ ಕಲೆ ಅಂತ ಬಿಟ್ಟುಬಿಡಬಹುದು. ಇಲ್ಲದಿದ್ರೆ ಬೇರೆ ಲೆಕ್ಕ. ಮಂಗಳೂರಿನಲ್ಲಿ ಎದೆರೋಗದ ಡಾಕ್ಟರಿಗೆ ಎರಡನ್ನೂ ಒಟ್ಟಿಗೆ ತೋರಿಸಿ." ಬೇರೆ ಲೆಕ್ಕ ಅಂದರೆ ಏನೆಂದು ಉಪ್ಪ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇಪ್ಪತ್ತಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ.

ಹಳೆಯ ಎಕ್ಸ್‌ರೇ ಇದೆ. ಮೂರು ವರ್ಷದ ಹಿಂದೆ, ಹಜ್ಜಿಗೆ ಹೊರಡುವ ಮೊದಲು ತೆಗೆದದ್ದು. ಆದರೆ ಅದರ ಫಿಲ್ಮ್ ಇಲ್ಲ. ಊರಿಗೆಲ್ಲ ಫಿಲ್ಮನ್ನು ಕವರಿಗೆ ಹಾಕಿ ಕೊಡುವ ಉಪ್ಪ ಮನೆಯವರದ್ದನ್ನು ಯಾವತ್ತೂ ಪ್ರಿಂಟ್ ಮಾಡಿಸಿದವರಲ್ಲ. "ಸೆಂಟರ್ ನಮ್ದೇ ಅಲ್ವಾ? ಬೇಕಾದಾಗ ನೋಡುದು. ಫಿಲ್ಮ್ ಯಾಕೆ ದಂಡ?" ಎನ್ನುತ್ತಿದ್ದರು. ಹಾಗಾಗಿ ಅದು ಇರುವುದು ಗೋಡೌನ್‌ನಲ್ಲಿ ಮಾತ್ರ.

ಗೋಡೌನ್ ಅಂದರೆ ಸೆಂಟರಿನ ಮೆಟ್ಟಿಲಿನ ಕೆಳಗಿರುವ ಕಪ್ಪು ಡಬ್ಬ. ಅಣ್ಣ ಸಫ್ವಾನ್ ಶಾರ್ಜಾಕ್ಕೆ ಹೋಗುವ ಮೊದಲು ಕೂರಿಸಿಟ್ಟ ಲಿನಕ್ಸ್ ಸರ್ವರ್, ಅಂದರೆ ಫೈಲುಗಳನ್ನೆಲ್ಲ ಕೂಡಿಡುವ ಕಂಪ್ಯೂಟರ್. ಅದಕ್ಕೆ ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ. ಸೆಂಟರಿನ ನಾಲ್ಕು ವಿಂಡೋಸ್ ಕಂಪ್ಯೂಟರುಗಳಲ್ಲಿ ಯಾವುದರಿಂದಲಾದರೂ ನೆಟ್‌ವರ್ಕ್ ತೆರೆದರೆ ಅದರ ಹೆಸರು ಕಾಣುತ್ತದೆ. ಒತ್ತಿದರೆ ಹಳೆಯ ಎಕ್ಸ್‌ರೇಗಳೆಲ್ಲ ಒಳಗೆ.

"ಈಗಲೇ ತೆಗೆದು ನೋಡುವನಾ?" ಎಂದರು ವಸುಮತಿ ಅಕ್ಕ. ನೋಡಲು ಹೆದರಿ ಬೇಡ ಎಂದುಬಿಟ್ಟೆ. "ಸರಿ, ಅದು ಎಲ್ಲಿಗೆ ಓಡಿಹೋಗ್ತದೆ? ಹೋಗುವ ಮುಂಚೆ ಎರಡನ್ನೂ ಸೀಡಿಗೆ ಹಾಕಿ ಕೊಡ್ತೇನೆ" ಎಂದರು.

ಮನೆಗೆ ಬಂದು ಉಮ್ಮ ಎರಡು ಮಾತು ಹೇಳಿದಳು. ಸಫ್ವಾನ್‌ಗೆ ತಿಳಿಸಬಾರದು, ಹೊಸ ಕೆಲಸ, ಬಿಟ್ಟು ಓಡಿ ಬರುತ್ತಾನೆ. ಪುದಿಯಾಪ್ಳನಿಗೂ ತಿಳಿಸಬಾರದು. "ನಗುನಗುತ್ತಾ ಬರುವ ಹುಡುಗ. ಮದುವೆಯಾಗಿ ಒಂದು ವಾರ ಆಗ್ಲಿಲ್ಲ, ಅವನ ತಟ್ಟೆಗೆ ಈ ಸುದ್ದಿ ಬಡಿಸುದಾ?"

ಸಂಜೆ ಅವರು ಬಂದಾಗ ನಕ್ಕೆ. ಚೆನ್ನಾಗಿಯೇ ನಕ್ಕೆ ಅನ್ನಿಸುತ್ತದೆ.

ಮೇ 15, ಸೋಮವಾರ

ಯಾ ಅಲ್ಲಾಹ್, ಒಂದು ಹೆದರಿಕೆ ಸಾಲದೆಂದು ಇನ್ನೊಂದು!

ಟಿವಿಯಲ್ಲಿ ಬೆಳಿಗ್ಗೆಯಿಂದ ಅದೇ ಸುದ್ದಿ. ಲೋಕದ ಕಂಪ್ಯೂಟರುಗಳಿಗೆಲ್ಲ ಒಂದು ವೈರಸ್ ಬಂದು ಫೈಲುಗಳಿಗೆ ಬೀಗ ಹಾಕುತ್ತಿದೆಯಂತೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನೇ ವಾಪಸು ಕಳಿಸಿದರಂತೆ. ಕೇರಳದಲ್ಲೂ ಕೆಲವು ಪಂಚಾಯತು ಕಚೇರಿಗಳಿಗೆ ಬಂದಿದೆಯಂತೆ. ವಾಟ್ಸಾಪ್ ತೆರೆದರೆ ಕೆಂಪು ಪರದೆಯ ಫೋಟೋ. ನನ್ನ ಕಣ್ಣೆದುರು ಬಂದದ್ದು ಒಂದೇ: ಉಮ್ಮನ ಎದೆಯ ಚಿತ್ರ, ಅದರ ಮೇಲೆ ಕೆಂಪು ಬೀಗ.

ಫಸಲ್‌ಗೆ ಫೋನ್ ಮಾಡಿ ಅತ್ತುಬಿಟ್ಟೆ. ಸೆಂಟರಿನ ಕಂಪ್ಯೂಟರಿಗೆ ಏನಾದರೂ ಮಾಡಿ ಎಂದೆ. ಯಾಕೆ ಅಷ್ಟು ಅಳು ಎಂದು ಕೇಳಿದರು. ವೈರಸ್ ಎಂದರೆ ಹೆದರಿಕೆ ಎಂದೆ. ಪಾಪ, ಅರ್ಧ ದಿನ ರಜೆ ಹಾಕಿ ಬಂದರು! ಆದರೆ ಪುದಿಯಾಪ್ಳ ಮಾವನ ಅಂಗಡಿಯಲ್ಲಿ ದುಡಿಯುವುದನ್ನು ಉಪ್ಪ ಕಂಡರೆ ಕತೆ ಮುಗಿಯಿತು. ಉಪ್ಪ ಸಂಜೆಯ ಅಸರ್ ನಮಾಝಿಗೆ ಪಳ್ಳಿಗೆ ಹೊರಟ ಮೇಲೆ, ವಸುಮತಿ ಅಕ್ಕ ಚಾ ಕುಡಿಯಲು ಇಳಿದಾಗ, ನಾವು ಕಳ್ಳರ ಹಾಗೆ ಒಳಗೆ ಹೊಕ್ಕೆವು. ನಾನು ಬಾಗಿಲಲ್ಲಿ ಕಾವಲು. ಅವರು ಮೊಬೈಲಿನಲ್ಲಿ ಯಾವುದೋ ವೆಬ್‌ಸೈಟ್ ನೋಡಿಕೊಂಡು ಒಂದೊಂದೇ ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿ ತೆರೆದು ಎಂಥದೋ ಸಾಲು ಟೈಪ್ ಮಾಡಿದರು.

"ವೈರಸ್ ಬರುವ ಬಾಗಿಲೇ ಬಂದ್" ಎಂದು ಕೈ ಒರೆಸಿಕೊಂಡರು. ಹಣೆಯಲ್ಲಿ ಬೆವರಿತ್ತು. ಅಪ್ಪಿಕೊಳ್ಳಬೇಕೆನ್ನಿಸಿತು. ಹೈವೇಯಲ್ಲಿ ಬಸ್ ನಿಂತಿತ್ತು, ಹಾಗಾಗಿ ಅಪ್ಪಿಕೊಳ್ಳಲಿಲ್ಲ.

ಮೇ 16, ಮಂಗಳವಾರ

ಗೋಡೌನ್ ಇಲ್ಲ.

ವಸುಮತಿ ಅಕ್ಕ ಬೆಳಿಗ್ಗೆ ಮನೆಗೆ ಫೋನ್ ಮಾಡಿದರು. "ಫಾಯಿಝಾ, ಒಮ್ಮೆ ಬಂದು ಹೋಗ್ತೀಯಾ? ಗೋಡೌನ್ ಕಾಣ್ತಾ ಇಲ್ಲ ಮಾರಾಯ್ತಿ." ಹೋಗಿ ನೋಡಿದೆ. ನಾಲ್ಕು ಕಂಪ್ಯೂಟರುಗಳಲ್ಲೂ ನೋಡಿದೆ. ನೆಟ್‌ವರ್ಕ್ ತೆರೆದರೆ ಗೋಡೌನ್ ಎಂಬ ಹೆಸರೇ ಮಾಯ. ಮೆಟ್ಟಿಲಿನ ಕೆಳಗೆ ಹೋಗಿ ಬಗ್ಗಿದರೆ ಡಬ್ಬ ಅಲ್ಲೇ ಇದೆ, ಹಸಿರು ದೀಪ ಮಿಣಿಮಿಣಿ ಎನ್ನುತ್ತಿದೆ. ಮುಟ್ಟಿದರೆ ಬೆಚ್ಚಗಿದೆ. ಜೀವ ಇದೆ, ಆದರೆ ಕರೆದರೆ ಓಗೊಡುವುದಿಲ್ಲ.

"ವೈರಸ್ಸೇ" ಎಂದರು ಉಪ್ಪ, ಕುರ್ಚಿಗೆ ಕೂತು. "ನಮ್ಮ ಕಂಪ್ಯೂಟರಿಗೆ ಬರ್ಲಿಲ್ಲ, ನೇರ ಗೋಡೌನನ್ನೇ ತಿಂದಿತು."

ಒಂದು ದಿನ ಮೊದಲೇ ಬಾಗಿಲು ಹಾಕಿಸಿದ್ದರೆ! ಫಸಲ್‌ಗೆ ಫೋನ್ ಮಾಡಿದೆ. "ನೋಡುವ" ಎಂದಷ್ಟೇ ಹೇಳಿ ಫೋನಿಟ್ಟರು.

ಶನಿವಾರ ನಾನೇ ಬೇಡ ಎಂದೆ. ಒಂದು ಸಲ ಒತ್ತಿದ್ದರೆ ಕಾಣುತ್ತಿತ್ತು.

ಮೇ 17, ಬುಧವಾರ

ಪೇಟೆಯ ಕಂಪ್ಯೂಟರ್ ಅಂಗಡಿಯ ಉದಯಶಂಕರ ಬಂದ. ಒಳ್ಳೆಯ ಹುಡುಗ, ಬಾಯಿ ಮಾತ್ರ ನಿಲ್ಲುವುದಿಲ್ಲ. ಡಬ್ಬವನ್ನು ಎತ್ತಿ ಕುಲುಕಿ ಕಿವಿಗಿಟ್ಟು ಕೇಳಿದ, ಎಳನೀರಿನ ಬೊಂಡ ಕೊಳ್ಳುವವನ ಹಾಗೆ. ಅದಕ್ಕೆ ಒಂದು ಪರದೆ ಸಿಕ್ಕಿಸಿ ನೋಡಿದ. ಕಪ್ಪು ಪರದೆ, ಬಿಳಿ ಅಕ್ಷರ, ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು. ಅದು ಸಫ್ವಾನ್‌ಗೆ ಮಾತ್ರ ಗೊತ್ತು. ಅವನು ಉಪ್ಪನ ಕಡೆ ತಿರುಗಿದ.

"ಇದು ಲಿನಕ್ಸ್, ಬ್ಯಾರಿಗಳೇ. ಇದಕ್ಕೆ ಮೌಸೂ ಇಲ್ಲ, ಮುಖವೂ ಇಲ್ಲ. ನಾನು ಇದನ್ನು ಮುಟ್ಟುವವನಲ್ಲ. ಸೋಮವಾರ ಬರ್ತೇನೆ, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಿಕೊಡ್ತೇನೆ. ರಂಝಾನಿಗೆ ಮೊದ್ಲು ಫ್ರೆಶ್!"

"ಒಳಗಿದ್ದದ್ದು?" ಎಂದೆ.

"ಒಳಗೆ ಎಂತ ಉಂಟು ಈಗ? ವೈರಸ್ ತಿಂದ ಮೇಲೆ ಉಳಿಯುದು ಸಿಪ್ಪೆ ಮಾತ್ರ."

ಉಪ್ಪ ತಲೆಯಾಡಿಸಿದರು. ನಾನು ಉಪ್ಪನನ್ನು ಹೊರಗೆ ಕರೆದು, ಉಪ್ಪಾ ಅದರಲ್ಲಿ ಉಮ್ಮನದ್ದು ಇದೆ ಎಂದೆ. ಅವರು ನನ್ನ ಕಡೆ ನೋಡದೆ ಹೈವೇಯ ಟ್ಯಾಂಕರುಗಳನ್ನೇ ನೋಡುತ್ತಾ ಹೇಳಿದರು, "ಇದೆ ಅಂತ ಆಸೆ ಇಟ್ಟುಕೊಳ್ಬೇಡ ಮಗಳೇ. ಇಲ್ಲದ್ದನ್ನು ಹಿಡ್ಕೊಂಡು ಕೂತರೆ ಇರುವ ಕೆಲಸವೂ ಹಾಳು."

ಸಫ್ವಾನ್‌ಗೆ ಫೋನ್ ಮಾಡಿದರೆ ಪಾಸ್‌ವರ್ಡ್ ಸಿಗುತ್ತದೆ. ಆದರೆ ಯಾಕೆ ಇಷ್ಟು ಅವಸರ ಎಂದು ಅವನು ಕೇಳಿಯೇ ಕೇಳುತ್ತಾನೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಉಮ್ಮನಿಗೆ ಮಾತು ಕೊಟ್ಟಿದ್ದೇನೆ. ಏನು ಮಾಡಲಿ?

ಮೇ 18, ಗುರುವಾರ

ಉಮ್ಮ ಅಡಿಗೆಮನೆಯಲ್ಲಿ ಕೆಮ್ಮುತ್ತಾ ಮೀನು ಹುರಿದಳು. ಫಸಲ್ ಹೆಚ್ಚು ತಿನ್ನಲಿಲ್ಲ, ಹೆಚ್ಚು ಮಾತಾಡಲೂ ಇಲ್ಲ. ಕಾಲೇಜಿನಲ್ಲಿ ತುಂಬ ಕೆಲಸವಂತೆ, ಪಾಪ.

ಮೇ 20, ಶನಿವಾರ

ಅಕ್ಷರ ಸೊಟ್ಟಗಾದರೂ ಇವತ್ತೇ ಬರೆಯುತ್ತೇನೆ.

ಇವತ್ತು ಮೊಗ್ರಾಲಿನಿಂದ ಫಸಲ್‌ನ ಮನೆಯ ಹೆಂಗಸರು ಸಿಹಿ ಅಪ್ಪ, ಹಲ್ವಾ ಎಲ್ಲ ಹೊತ್ತುಕೊಂಡು ಬಂದಿದ್ದರು. ಜೊತೆಗೆ ಅವರ ತಂಗಿ ಜಸೀನಾ. ಡಿಗ್ರಿ ಓದುವವಳು, ನನಗಿಂತ ಜೋರು. ಮದುವೆಯ ಫೋಟೋಗಳು ಬೇಕು ಎಂದು ಹಟ ಹಿಡಿದಳು. ಉಪ್ಪ ಅವುಗಳನ್ನೂ ಗೋಡೌನ್‌ನಲ್ಲೇ ಹಾಕಿಸಿದ್ದರು. ಹಾಳಾಗಿದೆ ಎಂದೆ. "ನೋಡುವ ಬಾ ಅತ್ತಿಗೆ, ಸುಮ್ಮನೆ ಮನೆಯಲ್ಲಿ ಕೂತರೆ ನಿನ್ನ ಉಮ್ಮ ನನ್ನ ಬಾಯಿಗೆ ಇನ್ನೂ ನಾಲ್ಕು ಪತ್ತಿರಿ ತುರುಕ್ತಾರೆ" ಎಂದು ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನನ್ನು ಸೆಂಟರಿಗೆ ಎಳೆದುಕೊಂಡು ಹೋದಳು.

ರಿಸೆಪ್ಶನ್ ಕಂಪ್ಯೂಟರಿನ ವೈರನ್ನು ಕಿತ್ತು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ನೆಟ್‌ವರ್ಕ್ ತೆರೆದಳು.

"ಇದೆಂತ? ಇಲ್ಲಿ ಉಂಟಲ್ಲ!"

ಇತ್ತು. ಗೋಡೌನ್. ಅದೇ ಹೆಸರು, ಅದೇ ಸಣ್ಣ ಚಿತ್ರ. ಒತ್ತಿದಳು, ತೆರೆಯಿತು. ಮದುವೆಯ ಫೋಟೋಗಳೆಲ್ಲ ಒಳಗೆ ಸುಖವಾಗಿವೆ! ನಾನು ಬಾಯಿ ಬಿಟ್ಟುಕೊಂಡು ನಗುವ ಫೋಟೋ ಕೂಡ. ಎಕ್ಸ್‌ರೇ ಎಂಬ ಫೋಲ್ಡರನ್ನು ಒತ್ತಿದೆ. ಪಾಸ್‌ವರ್ಡ್ ಕೇಳಿತು. ನಮ್ಮ ನಾಲ್ಕು ಕಂಪ್ಯೂಟರುಗಳಲ್ಲಿ ಸಫ್ವಾನ್ ಅದನ್ನು ಹಾಕಿಟ್ಟೇ ಹೋಗಿದ್ದ, ಅದು ನಮ್ಮನ್ನು ಯಾವತ್ತೂ ಕೇಳಿದ್ದಿಲ್ಲ. ಜಸೀನಾಳದ್ದು ಹೊರಗಿನದು, ಅದಕ್ಕೆ ಬೀಗ.

ಆದರೂ ಇದೆ! ಒಳಗೆ ಇದೆ! ವೈರಸ್ ತಿಂದಿಲ್ಲ!

ಜಸೀನಾ ಫೋಟೋ ತೆಗೆದುಕೊಂಡು ಹೋದಳು. ನಾನು ವೈರನ್ನು ಮತ್ತೆ ನಮ್ಮ ಕಂಪ್ಯೂಟರಿಗೆ ಸಿಕ್ಕಿಸಿದೆ. ಅದರಲ್ಲಿ ಗೋಡೌನ್ ಇಲ್ಲ. ಅದೇ ವೈರ್, ಅದೇ ಮೇಜು. ಅವಳದ್ದಕ್ಕೆ ಕಾಣುತ್ತದೆ, ನಮ್ಮದಕ್ಕೆ ಕಾಣುವುದಿಲ್ಲ. ಹಾಗಾದರೆ ಹಾಳಾದದ್ದು ಗೋಡೌನ್ ಅಲ್ಲ. ನಮ್ಮ ನಾಲ್ಕಕ್ಕೂ ಒಟ್ಟಿಗೆ ಏನೋ ಆಗಿದೆ. ಅವಳದ್ದಕ್ಕೆ ಆಗದ್ದು.

ಸೋಮವಾರ ನಮ್ಮ ನಾಲ್ಕನ್ನೂ ಮುಟ್ಟಿದವರು ಒಬ್ಬರೇ.

ಇದನ್ನು ಬರೆದು ಅಳಿಸಿದೆ. ಮತ್ತೆ ಬರೆದೆ. ಅವರನ್ನು ಕೇಳುವುದು ಹೇಗೆ? ಕೇಳದೆ ಇರುವುದು ಹೇಗೆ? ಸೋಮವಾರ ಉದಯಶಂಕರ ಬರುತ್ತಾನೆ.

ಮೇ 21, ಭಾನುವಾರ

ಸಂಜೆ ಮುಸೋಡಿಯ ಕಡಲಿಗೆ ಹೋಗಿ ಬರುತ್ತೇವೆ ಎಂದು ಮನೆಯಲ್ಲಿ ಹೇಳಿದೆ. ಹೊಸ ಜೋಡಿ ತಾನೇ, ಉಮ್ಮ ನಕ್ಕು ಕಳಿಸಿದಳು. ಮಳೆಗಾಲಕ್ಕೆ ಮೊದಲೇ ಅಲೆ ಎದ್ದಿದೆ. ಹೋದ ವರ್ಷ ಕುಸಿದ ಮನೆಯೊಂದರ ಮೆಟ್ಟಿಲು ಮಾತ್ರ ಮರಳಿನಲ್ಲಿ ಉಳಿದಿದೆ. ನಾವು ಅದರ ಮೇಲೆ ಕೂತೆವು.

ಜಸೀನಾಳ ಲ್ಯಾಪ್‌ಟಾಪಿನ ವಿಷಯ ಹೇಳಿದೆ.

"ಕಂಪ್ಯೂಟರುಗಳು ಫೈಲು ಕೊಟ್ಟು ತೆಗೆದುಕೊಳ್ಳಲು ಒಂದು ಭಾಷೆಯಲ್ಲಿ ಮಾತಾಡ್ತವೆ" ಎಂದರು ಫಸಲ್. "ಹಳೇದೊಂದು ಭಾಷೆ ಉಂಟು. ವೈರಸ್ ಬರುದು ಆ ಭಾಷೆಯಲ್ಲೇ. ನಾನು ನಿಮ್ಮ ನಾಲ್ಕು ಕಂಪ್ಯೂಟರಿಗೂ ಆ ಭಾಷೆಯನ್ನು ಮರೆತುಬಿಡಿ ಅಂತ ಹೇಳಿದೆ. ನಿಮ್ಮ ಗೋಡೌನ್‌ಗೆ ಗೊತ್ತಿರುದು ಅದೊಂದೇ ಭಾಷೆ ಅಂತ ಕಾಣ್ತದೆ. ಅದು ಕರೀತಾ ಉಂಟು, ಇವಕ್ಕೆ ಅರ್ಥ ಆಗ್ತಾ ಇಲ್ಲ."

"ಯಾವಾಗ ಗೊತ್ತಾಯ್ತು?"

"ಮಂಗಳವಾರ ನೀನು ಫೋನ್ ಮಾಡಿದಾಗಲೇ ಡೌಟು ಬಂತು."

ಮಂಗಳವಾರ! ನಾನು ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದೆ! "ಮತ್ತೆ ಯಾಕೆ ಸುಮ್ಮನಿದ್ರಿ?"

"ನಿನ್ನ ಉಪ್ಪ ನನಗೆ ಲೋಟ ಎತ್ತಲಿಕ್ಕೆ ಬಿಡುದಿಲ್ಲ, ಫಾಯಿಝಾ. ಅಂಥವರ ಹತ್ರ ಹೋಗಿ ನಿಮ್ಮ ಸೆಂಟರಿನ ಕಣ್ಣು ಕಟ್ಟಿದ್ದು ನಾನು ಅಂತ ಹೇಗೆ ಹೇಳುದು? ಮತ್ತೆ ಆ ಲಿನಕ್ಸ್... ನನಗೆ ವಿಂಡೋಸ್ ಮಾತ್ರ ಗೊತ್ತಿರುದು. ಹಳೇ ಫೈಲುಗಳು ತಾನೇ, ನಿಧಾನಕ್ಕೆ ಓದಿ ಕಲ್ತು ಸರಿ ಮಾಡುವ ಅಂತ ಇದ್ದೆ. ಅವಸರ ಎಂತ ಉಂಟು?"

ಅವಸರ ಎಂತ ಉಂಟು ಎಂದು ಅವರಿಗೆ ಹೇಳಿದವರು ಯಾರು? ನಾವು ಯಾರೂ ಹೇಳಿರಲಿಲ್ಲ. ದಿನಾ ಕೋಳಿ ಬಡಿಸಿದೆವು, ನಕ್ಕೆವು.

ಉಮ್ಮನಿಗೆ ಕೊಟ್ಟ ಒಂದು ಮಾತನ್ನು ಅಲ್ಲೇ ಮುರಿದೆ. ಎಕ್ಸ್‌ರೇ, ಮಚ್ಚೆ, ಇಪ್ಪತ್ತಾರನೇ ತಾರೀಕು, ನಾಳೆ ಉದಯಶಂಕರ ಬಂದು ಗೋಡೌನನ್ನು ಒರೆಸಿ ಹಾಕುವುದು, ಎಲ್ಲ ಹೇಳಿದೆ. ಫಸಲ್‌ನ ಕೈ ಹಿಡಿದರೆ ನನ್ನ ಕೈಗಿಂತ ತಣ್ಣಗಿತ್ತು. ನನಗಿಂತ ಹೆದರುವ ಮನುಷ್ಯನೊಬ್ಬ ನನ್ನ ಪಕ್ಕದಲ್ಲೇ ಇದ್ದ, ನನಗೆ ಗೊತ್ತೇ ಇರಲಿಲ್ಲ.

"ಆ ಭಾಷೆಯನ್ನು ವಾಪಸು ಕೊಡಬಹುದು" ಎಂದ. "ಆದ್ರೆ ಕೊಟ್ಟ ಕೂಡಲೇ ವೈರಸ್ ಒಳಗೆ ಬಂದ್ರೆ? ನಿಜವಾದ ವೈರಸ್? ಅದು ಈಗಲೂ ತಿರುಗ್ತಾ ಉಂಟು. ಆಗ ಎಲ್ಲವೂ ಹೋಗ್ತದೆ."

ಅಲೆ ಮೆಟ್ಟಿಲಿನ ತನಕ ಬಂದು ನಮ್ಮ ಚಪ್ಪಲಿ ಒದ್ದೆ ಮಾಡಿತು. ನಾನು ಯೋಚಿಸಿದೆ. "ಅದು ಬರುದು ಇಂಟರ್ನೆಟ್ಟಿನ ವೈರಿನಲ್ಲಿ ಅಲ್ವಾ? ಆ ವೈರನ್ನು ಗೋಡೆಯಿಂದ ಕಿತ್ತು ಹಾಕಿ, ಆಮೇಲೆ ಒಂದೇ ಕಂಪ್ಯೂಟರಿಗೆ ಕೊಟ್ಟರೆ? ದಾರಿಯೇ ಇಲ್ಲದಿದ್ರೆ ಬಾಗಿಲು ತೆರೆದರೆ ಎಂತ?"

ಫಸಲ್ ನನ್ನನ್ನೇ ನೋಡುತ್ತಾ ಕೂತ. ಏನಾದರೂ ಪೆದ್ದು ಮಾತಾಡಿದೆನೋ ಎಂದುಕೊಂಡೆ.

ಮೇ 22, ಸೋಮವಾರ

ಬೆಳಿಗ್ಗೆ ಫಸಲ್ ಮಂಗಳೂರಿಗೆ ಹೋಗಲಿಲ್ಲ. ಉಪ್ಪನ ಹಿಂದೆಯೇ ಸೆಂಟರಿಗೆ ನಡೆದ. ಉದಯಶಂಕರ ಆಗಲೇ ಬಂದು ಮೆಟ್ಟಿಲಿನ ಕೆಳಗಿಂದ ಡಬ್ಬವನ್ನು ಹೊರಗೆಳೆಯುತ್ತಿದ್ದ.

ನಾನು ಡಬ್ಬದ ಮೇಲೆ ಕೈಯಿಟ್ಟು ನಿಂತೆ. "ಇವತ್ತು ಬೇಡ" ಎಂದೆ. ನನ್ನ ಧ್ವನಿ ಕೀರಲಾಗಿತ್ತು.

"ಮದುಮಗಳೇ, ನಾನು ನೀರುದೋಸೆ ಅರ್ಧಕ್ಕೆ ಬಿಟ್ಟು ಬಂದದ್ದು..." ಎಂದ ಉದಯಶಂಕರ.

ಅಷ್ಟರಲ್ಲಿ ಫಸಲ್ ಎಲ್ಲರ ಎದುರು ಹೇಳಿಬಿಟ್ಟ. "ಮಾವಾ, ಗೋಡೌನ್‌ಗೆ ಏನೂ ಆಗಿಲ್ಲ. ಅದು ಕಾಣದ ಹಾಗೆ ಮಾಡಿದ್ದು ನಾನು. ಹೋದ ಸೋಮವಾರ, ನೀವು ಪಳ್ಳಿಗೆ ಹೋದಾಗ. ಒಳ್ಳೇದಕ್ಕೆ ಅಂತ ಮಾಡಿದೆ, ತಪ್ಪಾಯ್ತು. ಉಮ್ಮನ ವಿಷಯವೂ ನನಗೆ ಗೊತ್ತಾಗಿದೆ."

ಉಪ್ಪ ಮೊದಲು ನನ್ನನ್ನು ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ, ತಗ್ಗಿಸಲು ಮರೆತೇಹೋಯಿತು.

ಗೋಡೆಯಿಂದ ಇಂಟರ್ನೆಟ್ ವೈರನ್ನು ಕಿತ್ತವಳು ನಾನು. ಫಸಲ್ ರಿಸೆಪ್ಶನ್ ಮೇಜಿನ ಕೆಳಗೆ ತೂರಿ, ಮದುವೆಗೆ ಹೊಲಿಸಿದ ಬಿಳಿ ಶರ್ಟಿನಲ್ಲೇ ನೆಲದಲ್ಲಿ ಕೂತು ವೈರುಗಳನ್ನು ನೋಡತೊಡಗಿದ. ಉಪ್ಪನ ಬಾಯಿಂದ ಆಗ ಬಂದ ಮೊದಲ ಮಾತು: "ಅಯ್ಯೋ, ಪುದಿಯಾಪ್ಳನನ್ನು ನೆಲದಲ್ಲಿ ಕೂರಿಸಿದಳಲ್ಲ! ಒಂದು ಚಾಪೆ ಆದ್ರೂ ತನ್ನಿ ಯಾರಾದ್ರೂ!"

"ಚಾಪೆ ಬೇಡ, ಟಾರ್ಚ್ ಕೊಡಿ" ಎಂದಿತು ಮೇಜಿನ ಕೆಳಗಿನ ಧ್ವನಿ. ವಸುಮತಿ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಉದಯಶಂಕರ ಟಾರ್ಚ್ ಹಿಡಿದು ತಾನೂ ಕೂತ. "ನೀವು ಮುಂದೆ ನಮ್ಮ ಅಂಗಡಿಗೆ ಬರ್ಬೇಡಿ ಮಾರಾಯ್ರೆ, ನನ್ನ ಹೊಟ್ಟೆಗೆ ಹೊಡೀತೀರಿ" ಎಂದ.

ಕಪ್ಪು ಕಿಟಕಿಯಲ್ಲಿ ಸಾಲುಗಳನ್ನು ಟೈಪ್ ಮಾಡಿದ್ದು ಫಸಲ್, ಮೊಬೈಲಿನಿಂದ ಒಂದೊಂದೇ ಅಕ್ಷರ ಓದಿ ಹೇಳಿದ್ದು ನಾನು. ಅವನ ಬೆರಳು ಎರಡು ಸಲ ತಪ್ಪಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದೆವು.

ನೆಟ್‌ವರ್ಕ್ ತೆರೆದೆ. ಸ್ವಲ್ಪ ಹೊತ್ತು ಖಾಲಿ. ಆಮೇಲೆ ಗೋಡೌನ್ ಬಂತು.

ಎಕ್ಸ್‌ರೇ ಫೋಲ್ಡರ್ ಕೇಳದೆ ತೆರೆಯಿತು. 2014. ಉಮ್ಮನ ಹೆಸರು: ಉಮ್ಮಾಲಿಮ್ಮ, ವಯಸ್ಸು 46. ಮೌಸನ್ನು ವಸುಮತಿ ಅಕ್ಕನಿಗೆ ಕೊಡಲು ಹೋದೆ, ಆಮೇಲೆ ಬೇಡ ಎಂದು ನಾನೇ ಒತ್ತಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟೆವು. ಹಳೆಯದರಲ್ಲಿ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ, ಅದೇ ಜಾಗದಲ್ಲಿ, ನನಗೇನೂ ಕಾಣಲಿಲ್ಲ. ಪಕ್ಕೆಲುಬುಗಳು ಮಾತ್ರ. ದೊಡ್ಡದು ಮಾಡಿ ನೋಡಿದೆ. ನಾನು ಡಾಕ್ಟರಲ್ಲ. ಆಗ ಸಣ್ಣದಿದ್ದರೆ ನನ್ನ ಕಣ್ಣಿಗೆ ಕಾಣದೆ ಇರಬಹುದು. ಹಳೆಯ ಚಿತ್ರ, ಸ್ವಲ್ಪ ಮಬ್ಬು. ವಸುಮತಿ ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟರು.

ಮೇ 24, ಬುಧವಾರ

ಸಫ್ವಾನ್‌ಗೆ ನಾನೇ ಫೋನ್ ಮಾಡಿ ಹೇಳಿದೆ. ಉಮ್ಮನನ್ನು ಕೇಳಲಿಲ್ಲ. ಅವನು ಅತ್ತ. ಇಂದೇ ಟಿಕೆಟ್ ಮಾಡುತ್ತೇನೆ ಎಂದ. ಡಾಕ್ಟರು ಹೇಳುವ ತನಕ ಕಾಯಿ, ನಾನು ಹೇಳಿದಾಗ ಬಾ ಎಂದೆ. ಸರಿ ಎಂದ.

ಗೋಡೌನ್‌ನ ಪಾಸ್‌ವರ್ಡ್ ಕೊಟ್ಟ. ಅದಕ್ಕೆ ಪರದೆ, ಕೀಬೋರ್ಡ್ ಸಿಕ್ಕಿಸಿ ಅವನು ಹೇಳಿದ ಹಾಗೆ ಒಂದು ಫೈಲು ತೆರೆದು ಒಂದು ಸಾಲು ಸೇರಿಸಿದೆ. ಹೊಸ ಭಾಷೆ ಅದಕ್ಕೆ ಮೊದಲೇ ಬರುತ್ತಿತ್ತಂತೆ. ಮಾತಾಡಲು ಯಾರೂ ಒಪ್ಪಿಗೆ ಕೊಟ್ಟಿರಲಿಲ್ಲವಂತೆ. ಫಸಲ್ ಪಕ್ಕದಲ್ಲಿ ಫೋನ್ ಹಿಡಿದು ನಿಂತಿದ್ದ. ಆಮೇಲೆ ರಿಸೆಪ್ಶನ್ ಕಂಪ್ಯೂಟರಿಗೂ ಹಳೆಯ ಭಾಷೆಯನ್ನು ಮತ್ತೆ ಬಂದ್ ಮಾಡಿದೆವು. ಹೆಸರು ಈಗಲೂ ತಾನಾಗಿ ಕಾಣುವುದಿಲ್ಲ. ಅದರ ನೆಟ್‌ವರ್ಕ್ ನಂಬರನ್ನು ನಾವೇ ಟೈಪ್ ಮಾಡಿದರೆ ತೆರೆಯುತ್ತದೆ. ಸಾಕು. ಗೋಡೆಗೆ ವೈರ್ ಸಿಕ್ಕಿಸಿದೆ.

ಮೇ 26, ಶುಕ್ರವಾರ

ಮಂಗಳೂರು. ಮರೆಯುವ ಮೊದಲು ನಡೆದ ಹಾಗೆಯೇ ಬರೆಯುತ್ತೇನೆ.

ಡಾಕ್ಟರು ಉಮ್ಮನನ್ನು ಪರೀಕ್ಷಿಸಿ ಹೊರಗೆ ಕೂರಲು ಹೇಳಿದರು. ಸೀಡಿ ಹಾಕಿ ಎರಡು ಚಿತ್ರಗಳನ್ನೂ ನೋಡಿದರು. ಹಿಂದೆ ಮುಂದೆ, ಹಿಂದೆ ಮುಂದೆ. ಆಮೇಲೆ ತಿರುಗಿ ಕೇಳಿದರು, "ಯಾರಿಗೆ ಹೇಳ್ಲಿ ನಾನು?"

ಉಪ್ಪ ಫಸಲ್‌ನನ್ನು ನೋಡಿದರು. ಫಸಲ್ ನನ್ನನ್ನು ನೋಡಿದ.

"ನನಗೆ ಹೇಳಿ ಡಾಕ್ಟ್ರೇ" ಎಂದೆ.

ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು. ಹಳೆಯದರಲ್ಲಿ ಅದು ಇಲ್ಲ. ಅಂದರೆ ಈಚೆಗೆ ಬಂದದ್ದು. "ಈ ಹಳೇದು ತಂದಿರದಿದ್ರೆ ನಾನು ಮೂರು ತಿಂಗಳು ಬಿಟ್ಟು ಬನ್ನಿ, ದೊಡ್ಡದಾಗ್ತದಾ ನೋಡುವ ಅಂತಿದ್ದೆ. ಈಗ ಕಾಯುದು ಬೇಡ. ಸೋಮವಾರ ಅಡ್ಮಿಟ್ ಮಾಡಿ. ಸ್ಕ್ಯಾನ್ ಮಾಡಿ, ಸೂಜಿ ಹಾಕಿ ಒಂಚೂರು ತೆಗೆದು ಪರೀಕ್ಷೆಗೆ ಕಳಿಸುದು. ಸಣ್ಣದುಂಟು, ಬೇಗ ಸಿಕ್ಕಿದೆ. ಅದಕ್ಕಿಂತ ಹೆಚ್ಚು ಇವತ್ತು ಹೇಳಿದ್ರೆ ಸುಳ್ಳಾಗ್ತದೆ."

ಸೂಜಿ ಹಾಕುವಾಗ ನೋವಾಗುತ್ತದಾ, ರಂಝಾನಿನ ಉಪವಾಸ ಹಿಡಿಯಬಹುದಾ, ರಾತ್ರಿ ಜೊತೆಗೆ ಹೆಂಗಸರು ಇರಬಹುದಾ ಎಂದು ಕೇಳಿದೆ. ಎಲ್ಲದಕ್ಕೂ ಉತ್ತರ ಕೊಟ್ಟರು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತೆ. ಮುಖ ತೊಳೆದುಕೊಂಡು ಬಂದೆ.

ಉಮ್ಮ ಕಾರಿಡಾರಿನ ಕೊನೆಯ ಕುರ್ಚಿಯಲ್ಲಿ ಪರ್ಸನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. ಉಪ್ಪ ದೂರದಲ್ಲೇ ನಿಂತರು. ನಾನು ಪಕ್ಕದಲ್ಲಿ ಕೂತೆ.

"ಹಳೇದರಲ್ಲಿ ಇತ್ತಾ ಮಗಳೇ?" ಎಂದಳು.

ಬಾತ್‌ರೂಮಿನಿಂದ ಅಲ್ಲಿಯವರೆಗೆ ನಡೆಯುವಾಗ ನಾಲಿಗೆಯ ತುದಿಯಲ್ಲಿ 'ಇತ್ತು' ಎಂಬ ಮಾತನ್ನು ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಅದೊಂದು ಮಾತಿಗೆ ಅವಳು ಇವತ್ತು ನಿದ್ದೆ ಮಾಡುತ್ತಿದ್ದಳು.

"ಇರಲಿಲ್ಲ ಉಮ್ಮಾ."

ಅವಳು ಪರ್ಸಿನ ಜಿಪ್ಪನ್ನು ಎಳೆದಳು, ಮುಚ್ಚಿದಳು. ಕೆಮ್ಮು ಬಂತು. ಕೆಮ್ಮಿ ಮುಗಿಯುವ ತನಕ ನಾನು ಬೆನ್ನು ಸವರುತ್ತಾ ಕಾದೆ.

"ಸರಿ" ಎಂದಳು ಆಮೇಲೆ, ನನ್ನ ಕಡೆ ತಿರುಗಿ. "ಈಗ ಎಂತ ಮಾಡುದು, ಹೇಳು."

ನಾನು ಸೋಮವಾರದಿಂದ ಶುರುಮಾಡಿ ಹೇಳತೊಡಗಿದೆ.